ಸ್ಪ್ರಿಂಗ್ ಕೊಯ್ದ್ರ ರೇಸ್ ಕಾರ್ ಆಗೂದಿಲ್ರೀ!

ಇದನ್ನ ಸ್ವಲ್ಪ ಸಿಟ್ಟಿನಲ್ಲೇ ಬರೀತಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ಕಾರು-ಗೀರು ಅಂದ್ರೆ ಆಕಳಿಕೆ ಬರೋ ಗೆಳೆಯರು ಈ ಒಂದು ಸಲ ಸಹಿಸ್ಕೊಳ್ಳಿ.

ವಿಷಯ ಇಷ್ಟೇ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನನಗೆ ಗೊತ್ತಿರೋ ನಾಲ್ಕೈದು ಹುಡುಗರಿಗೆ ಟ್ರ್ಯಾಕ್ ಡೇ ಹುಚ್ಚು ಹತ್ತಿದೆ. ಟ್ರ್ಯಾಕ್ ಡೇ ಅಂದ್ರೆ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ಸ್ವಂತ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸೋ ದಿನ. ಪಂದ್ಯವಲ್ಲ, ಬಹುಮಾನವೂ ಇಲ್ಲ. ಒಳ್ಳೇ ಹುಚ್ಚು, ನನಗೂ ಇದೆ. ರೋಡಿನಲ್ಲಿ ಹಾರಾಡೋದಕ್ಕಿಂತ ಸಾವಿರ ಪಾಲು ಮೇಲು. ಆದ್ರೆ ಟ್ರ್ಯಾಕಿಗೆ ಹೋಗೋಣ ಅಂತ ನಿರ್ಧಾರ ಆದ ಮರುದಿನವೇ ಇವರು ಮಾಡೋ ಮೊದಲ ಕೆಲಸ ಏನು ಗೊತ್ತಾ? ಗ್ಯಾರೇಜಿಗೆ ಹೋಗಿ ಸ್ಪ್ರಿಂಗ್ ಕೊಯ್ಸೋದು!!

"ಯಾಕೋ ತಮ್ಮಾ?" ಅಂದ್ರೆ, "ಅಣ್ಣಾ, ಕಾರ್ ಕೆಳಗ ಇಳೀಬೇಕ್ರೀ, ಗಟ್ಟಿ ಆಗ್ಬೇಕ್ರೀ. ರೇಸ್ ಕಾರ್ ಎಲ್ಲಾ ಹಂಗ ಇರ್ತಾವಲ್ರೀ?" ಅಂತಾರೆ.

ಈ ಒಂದು ನಂಬಿಕೆಯ ಮೇಲೇ ನನ್ನ ತಕರಾರು.

ಮೊದಲು ಒಂದು ಲೆಕ್ಕ ಹಾಕಿ. ನಮ್ಮವರು ಹೋಗೋದು ಹೆಚ್ಚಾಗಿ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿರೋ ಕರಿ ಮೋಟರ್ ಸ್ಪೀಡ್‌ವೇಗೆ. ಫಾರ್ಮುಲಾ ಮಾರುತಿ ಕಾರುಗಳನ್ನ ರೂಪಿಸಿದ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕು, 2003ರಲ್ಲಿ ಶುರುವಾಯ್ತು. ಒಂದು ಸುತ್ತು 2.1 ಕಿ.ಮೀ. ದಿನಪೂರ್ತಿ ಒದ್ದಾಡಿ 40 ಸುತ್ತು ಹಾಕಿದ್ರೂ 84 ಕಿ.ಮೀ. ಆಯ್ತು. ಇಲ್ಲಿಂದ ಅಲ್ಲಿಗೆ ಹೋಗೋಕೆ ಸುಮಾರು 800, ಬರೋಕೆ 800. ಅಂದ್ರೆ 84 ಕಿಲೋಮೀಟರಿನ ಸುಖಕ್ಕೆ 1600 ಕಿಲೋಮೀಟರ್ ರೋಡು. ಕಾರನ್ನ ಲಾರಿ ಮೇಲೆ ಹೇರಿಕೊಂಡು ಹೋಗೋ ಶ್ರೀಮಂತರ ಮಾತು ಬೇರೆ. ನಾವು ಅದೇ ಕಾರಿನಲ್ಲಿ ಹೋಗಿ, ಅದೇ ಕಾರಿನಲ್ಲಿ ಬಂದು, ಸೋಮವಾರ ಅದೇ ಕಾರಿನಲ್ಲಿ ಅವ್ವನ್ನ ದವಾಖಾನೆಗೆ ಕರ್ಕೊಂಡು ಹೋಗೋ ಮಂದಿ.

ಇನ್ನು ನಮ್ಮ ರೋಡು. ಕಿತ್ತೂರಿನ ಪಕ್ಕ ಹೆದ್ದಾರಿ ಇದೆ, ಅಲ್ಲಿ ಏನೂ ತೊಂದರೆಯಿಲ್ಲ. ಅಲ್ಲಿಂದ ಪೂರ್ವಕ್ಕೆ ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗದ ಕಡೆ ಹೋದ ಹಾಗೆ ಎರಿ ಮಣ್ಣಿನ ಸೀಮೆ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತೆ. ಮೇಲೆ ಎಂಥಾ ಡಾಂಬರು ಹಾಕಿದ್ರೂ ರೋಡು ಅಲೆ ಅಲೆಯಾಗುತ್ತೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರುಗಳು ಅದರ ಮೇಲೆ ಗಾಲಿ ಜಾಡು ಬೇರೆ ಮಾಡ್ತವೆ. ಊರಿಗೆರಡು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಊರಿನ ಹಂಪು ಎತ್ತರದಲ್ಲಿ ಅದನ್ನ ಮೀರಿಸುತ್ತೆ, ಅಗಲದಲ್ಲಿ ಮಾತ್ರ ಒಂದು ಹೆಜ್ಜೆ ದಾಟೋದಿಲ್ಲ :)

ಇಂಥಾ ರೋಡಿನ ಮೇಲೆ ಗಾಲಿಗೆ ಮೇಲೆ-ಕೆಳಗೆ ಆಡೋಕೆ ಜಾಗ ಬೇಕು. ನೀವು ಕೊಯ್ದು ಬಿಸಾಕೋದು ಆ ಜಾಗವನ್ನೇ.

ಸ್ಪ್ರಿಂಗ್ ಕೊಯ್ದಾಗ ನಿಜವಾಗಿ ಏನಾಗುತ್ತೆ ನೋಡೋಣ. ಕೆಲಸ ಮಾಡೋ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತೆ. ಆರು ಸುತ್ತಿನಲ್ಲಿ ಒಂದನ್ನ ತೆಗೆದ್ರೆ ಉಳಿದದ್ದು ಶೇ. 20ರಷ್ಟು ಗಟ್ಟಿ. ಇಷ್ಟೇ ಆಗಿದ್ರೆ ಸುಮ್ಮನಿರಬಹುದಿತ್ತು. ಆದ್ರೆ ಶಾಕಬ್ಸರ್ (ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಶಾಕಪ್) ಹಳೇ ಸ್ಪ್ರಿಂಗಿನ ಅಳತೆಗೆ ಮಾಡಿದ್ದು. ಗಟ್ಟಿಯಾದ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ಹಿಡಿಯೋ ತಾಕತ್ತು ಅದಕ್ಕಿಲ್ಲ. ಕಾರು ಕೂತಲ್ಲೇ ಬಂಪ್ ಸ್ಟಾಪಿನ ರಬ್ಬರಿಗೆ ಹತ್ತಿರ ಬಂದಿರುತ್ತೆ. ತಿರುವಿನ ನಡುವೆ ಆ ರಬ್ಬರ್ ಬಡಿದ್ರೆ ಸ್ಪ್ರಿಂಗು ಒಂದೇ ಕ್ಷಣದಲ್ಲಿ ಕಲ್ಲಾದ ಹಾಗೆ, ಟೈರಿನ ಹಿಡಿತ ಹೋಯ್ತು. ಇನ್ನೂ ಭಯದ ಮಾತು ಅಂದ್ರೆ, ಗಾಲಿ ಪೂರ್ತಿ ಕೆಳಗೆ ಜೋತಾಗ ಗಿಡ್ಡ ಸ್ಪ್ರಿಂಗು ಸಡಿಲಾಗಿ ತನ್ನ ಬಟ್ಟಲಿನಿಂದ ಜರುಗಬಹುದು. ರಾತ್ರಿ, ಎದುರಿಗೆ ಹಿಂದಿನ ಲೈಟೇ ಇಲ್ಲದ ಕಬ್ಬಿನ ಟ್ರ್ಯಾಕ್ಟರು ಇದ್ದಾಗ ಹೀಗಾದ್ರೆ ಏನು ಗತಿ? ಅದು ಲ್ಯಾಪ್ ಟೈಮಿನ ಪ್ರಶ್ನೆ ಅಲ್ಲ, ಮನೆಗೆ ಬರೋ ಪ್ರಶ್ನೆ.

"ಆದ್ರೂ ಅಣ್ಣಾ, ಕೆಳಗ ಇಳಿಸಿದ್ರ ತಿರುವಿನ್ಯಾಗ ವಾಲೂದು ಕಡಿಮಿ ಆಗ್ತದಲ್ರೀ?" ಇದೂ ಅರ್ಧ ಸತ್ಯ. ಸ್ವಿಫ್ಟ್, ಪೋಲೋ ಥರದ ಕಾರುಗಳಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ. ಅದರ ಕೆಳಗಿನ ಆರ್ಮು ಹೊರಗಡೆ ಸ್ವಲ್ಪ ಇಳಿಜಾರಾಗಿರುತ್ತೆ. ಬಾಡಿಯನ್ನ ಅತಿಯಾಗಿ ಕೆಳಗಿಳಿಸಿದ್ರೆ ಇಳಿಜಾರು ಉಲ್ಟಾ ಆಗುತ್ತೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತೋ ಆ ರೋಲ್ ಸೆಂಟರ್ ಅನ್ನೋದು ಕಾರಿಗಿಂತ ಜಾಸ್ತಿ ಕೆಳಗೆ ಹೋಗುತ್ತೆ, ವಾಲಿಸೋ ಸನ್ನೆಕೋಲು ಇನ್ನೂ ಉದ್ದವಾಗುತ್ತೆ. ಮೇಲಾಗಿ ತಿರುವಿನಲ್ಲಿ ಹೊರಗಾಲಿ ಒತ್ತಿದಾಗ ಒಳಕ್ಕೆ ವಾಲಿ ನೆಲ ಹಿಡಿಯೋ ಬದಲು ಹೊರಕ್ಕೆ ವಾಲೋಕೆ ಶುರು ಮಾಡುತ್ತೆ. ಕೆಳಗಿಳಿಸಿದ ಲಾಭವನ್ನ ಹೀಗೆ ನೀವೇ ಕೈಯಾರೆ ಕಳ್ಕೊಳ್ತೀರಿ. ಇನ್ನೊಂದು ಮಾತು: ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ಹೋಗೋ ಒಟ್ಟು ತೂಕ ಹೆಚ್ಚುಕಮ್ಮಿ ಕಾರಿನ ಗುರುತ್ವ ಕೇಂದ್ರದ ಎತ್ತರ, ಗಾಲಿಗಳ ನಡುವಿನ ಅಗಲ ಮತ್ತು ತಿರುಗೋ ರಭಸದ ಮೇಲೆ ನಿಂತಿದೆ. ಸ್ಪ್ರಿಂಗ್ ಎಷ್ಟೇ ಗಟ್ಟಿ ಮಾಡಿದ್ರೂ ಆ ತೂಕ ಎಲ್ಲೂ ಹೋಗೋದಿಲ್ಲ. ಮುಂದೆಷ್ಟು ಹಿಂದೆಷ್ಟು ಅನ್ನೋ ಹಂಚಿಕೆ ಮಾತ್ರ ಬದಲಾಗುತ್ತೆ.

ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಹೆಸರು ಕೇಳಿರ್ತೀರಿ. ಫಾರ್ಮುಲಾ ಒನ್ ಗೆದ್ದವರು. ಅವರ 1962ರ ಎಲಾನ್ ಕಾರು ಮೆತ್ತನೆ ಸ್ಪ್ರಿಂಗಿಗೆ ಹೆಸರುವಾಸಿ. ಗಾಲಿಯನ್ನ ನೆಲಕ್ಕೆ ಅಂಟಿಸಿ ಇಡೋದು ಮುಖ್ಯ ಅಂತ ಅವರಿಗೆ ಗೊತ್ತಿತ್ತು. ನುಣುಪು ಟ್ರ್ಯಾಕು, ಸ್ಲಿಕ್ ಟೈರು, ರೆಕ್ಕೆಯಿಂದ ಗಾಳಿಯ ಒತ್ತಡ ಇರೋ ಕಾರಿಗೆ ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು, ಅದನ್ನ ಯಾರೂ ಇಲ್ಲ ಅನ್ನೋದಿಲ್ಲ. ನಿಮ್ಮ ಸ್ವಿಫ್ಟಿಗೆ ಇವುಗಳಲ್ಲಿ ಯಾವುದಿದೆ ಹೇಳಿ?

ಎರಡನೇ ಪಿಡುಗು, ಪರದೇಶದ ನಂಬರು. ಯಾರೋ ಇಂಗ್ಲೆಂಡಿನವನು "ಮುಂದೆ ಮೈನಸ್ ಮೂರು ಡಿಗ್ರಿ ಕ್ಯಾಂಬರ್" ಅಂದ ಅಂತ ಇಲ್ಲೂ ಮೈನಸ್ ಮೂರು. ಅವನ ಟೈರು ಬೇರೆ, ಟ್ರ್ಯಾಕು ಬೇರೆ, ಅವನು ಕಾರನ್ನ ಎಳ್ಕೊಂಡು ಹೋಗ್ತಾನೆ. ಅದೇ ಮೈನಸ್ ಮೂರಿನಲ್ಲಿ 1600 ಕಿ.ಮೀ. ನೆಟ್ಟಗೆ ಓಡಿಸಿ, ಟೈರಿನ ಒಳ ಅಂಚು ಎಷ್ಟು ಉಳಿಯುತ್ತೆ ನೋಡಿ.

ಮೂರನೇದು ಅಲೈನ್‌ಮೆಂಟ್ ಅಂಗಡಿ. ಒಂದು ದೊಡ್ಡ ಊರಿನ ಅಂಗಡಿಯಲ್ಲಿ (ಹೆಸರು ಬೇಡ) ನಾನು ಕ್ಯಾಂಬರ್ ಕೇಳಿದ್ರೆ, "ಸರ್, ಎಲ್ಲಾ ಗ್ರೀನ್ ಬಂದದ, ಆತಲ್ರೀ" ಅಂದ. ಗ್ರೀನ್ ಅಂದ್ರೆ ಕಂಪನಿ ಹೇಳಿದ ಮಿತಿಯೊಳಗಿದೆ ಅಂತ ಅಷ್ಟೇ. ಆ ಮಿತಿಯ ಎರಡು ತುದಿಗೆ ಎರಡು ಗಾಲಿ ಇದ್ರೂ ಗ್ರೀನೇ! ಪ್ರಿಂಟ್ ಕೊಡಿ ಅಂದ್ರೆ "ಕಾಗದ ಖಾಲಿ ಆಗೇದ್ರೀ" ಅಂದ. ಹಣ ಎಣಿಸೋವಾಗ ಮಾತ್ರ ಯಾವುದೂ ಖಾಲಿ ಆಗಿರಲಿಲ್ಲ.

ಹಾಗಾದ್ರೆ ಏನು ಮಾಡಬೇಕು? ನಾನು ಮಾಡೋ ಕ್ರಮ ಹೇಳ್ತೀನಿ. ನಂಬರ್ ಕದೀಬೇಡಿ, ಕ್ರಮ ಬೇಕಾದ್ರೆ ಕದೀರಿ.

1. ಮೊದಲು ಬ್ರೇಕ್ ಆಯಿಲ್, ಪ್ಯಾಡು. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯೋದಿಲ್ಲ. ನೀರಿನ ಪಸೆ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ನಿಲ್ಲದ ಕಾರಿಗೆ ಸಸ್ಪೆನ್ಷನ್ ಯಾಕೆ?

2. ಬುಷ್, ಬಾಲ್ ಜಾಯಿಂಟ್, ಶಾಕಪ್ ನೋಡಿಸಿ. ಸವೆದ ಬುಷ್ ಇಟ್ಕೊಂಡು ಅಲೈನ್‌ಮೆಂಟ್ ಮಾಡಿಸೋದು ನೀರಿನ ಮೇಲೆ ಬರೆದ ಹಾಗೆ.

3. ಆಮೇಲೆ ಕ್ಯಾಂಬರ್. ಇಂಥಾ ಕಾರಿನಲ್ಲಿ ಸಾಮಾನ್ಯವಾಗಿ ಟೋ ಮಾತ್ರ ತಿರುಗಿಸೋಕೆ ಬರುತ್ತೆ. ಸ್ಟ್ರಟ್ಟಿನ ಬುಡಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದ್ರೆ ಒಂದು, ಒಂದೂವರೆ ಡಿಗ್ರಿ ಸಿಗುತ್ತೆ. ನಾನು ಮುಂದೆ ಎರಡೂ ಕಡೆ ಸಮನಾಗಿ ಮೈನಸ್ ಒಂದೂವರೆ ಇಟ್ಟಿದ್ದೀನಿ. ಅಂಗಡಿಯ ಮೇಲೆ ನಂಬಿಕೆ ಇಲ್ಲದಿದ್ರೆ ಗೌಂಡಿ ಗೋಡೆಗೆ ಬಿಡೋ ತೂಗುಗುಂಡು ಸಾಕು. ಸಮತಟ್ಟು ನೆಲದ ಮೇಲೆ ಕಾರು ನಿಲ್ಲಿಸಿ ರಿಮ್ಮಿನ ಮೇಲಂಚು, ಕೆಳಂಚು ಅಳೀರಿ. ನಡುವೆ 400 ಮಿ.ಮೀ. ಇದ್ದಾಗ 7 ಮಿ.ಮೀ. ವ್ಯತ್ಯಾಸ ಬಂದ್ರೆ ಒಂದು ಡಿಗ್ರಿ.

4. ಟೋ ಯಾವಾಗಲೂ ಕ್ಯಾಂಬರ್ ಆದಮೇಲೆ, ಯಾಕಂದ್ರೆ ಕ್ಯಾಂಬರ್ ಬದಲಾದ್ರೆ ಟೋ ತಾನೇ ಬದಲಾಗುತ್ತೆ. ಮುಂದೆ ಸೊನ್ನೆ. ಗಾಲಿ ಸ್ವಲ್ಪ ಹೊರಮುಖ ಇಟ್ರೆ ಕಾರು ಚುರುಕಾಗಿ ತಿರುಗುತ್ತೆ ನಿಜ. ಆದ್ರೆ ಗಾಲಿ ಜಾಡಿನ ರೋಡಿನಲ್ಲಿ ಸ್ಟೀರಿಂಗ್ ಎಳೆದಾಡುತ್ತೆ, ಟೈರೂ ಸವೆಯುತ್ತೆ. ಹಿಂದೆ ಟಾರ್ಷನ್ ಬೀಮ್, ಅದನ್ನ ಸುಮ್ಮನೆ ಬಿಟ್ಟುಬಿಡಿ.

5. ಕೊನೆಗೆ ಗಾಳಿ. ಟೈರಿನ ಭುಜಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆದು ನಾಲ್ಕು ಸುತ್ತು ಹಾಕಿ ಬನ್ನಿ. ಗೀಟು ಪಕ್ಕೆಯವರೆಗೂ ಅಳಿಸಿದ್ರೆ ಗಾಳಿ ಕಡಿಮೆ, ಭುಜದ ಅಂಚೇ ಮುಟ್ಟಿಲ್ಲದಿದ್ರೆ ಜಾಸ್ತಿ. ಬಿಸಿಯಾದಾಗ ಒತ್ತಡ ಏರುತ್ತೆ, ಬಿಸಿ ಇದ್ದಾಗಲೇ ಅಳೆದು ನಾಲ್ಕೂ ಗಾಲಿಯ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೀರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ವಾಪಸ್ ಹೊರಡೋ ಮುಂಚೆ ಕಂಪನಿ ಹೇಳಿದ ಒತ್ತಡಕ್ಕೆ ತನ್ನಿ, ಮರೀಬೇಡಿ.

ಇಷ್ಟನ್ನೂ ಮಾಡಿ, ನಾಲ್ಕೈದು ಸಲ ಟ್ರ್ಯಾಕಿಗೆ ಹೋಗಿ, "ಈ ತಿರುವಿನಲ್ಲಿ ನನ್ನ ಕಾರು ಹೀಗೆ ಮಾಡ್ತಿದೆ" ಅಂತ ಬಾಯಿಬಿಟ್ಟು ಹೇಳೋಕೆ ಬಂದಾಗ ಸ್ಪ್ರಿಂಗಿನ ಮಾತು ಎತ್ತಿ. ಆಗಲೂ ಶಾಕಪ್ ಜೊತೆ ಹೊಂದಿಸಿ ಮಾಡಿದ ಜೋಡಿ ತಗೊಳ್ಳಿ, ಗರಗಸ ಅಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಖಾಲಿ ಚಕ್ಕಡಿ ಓಡಿಸೋ ಶರ್ಯತ್ತಿಗೆ ಹೋಗೋ ರೈತ ಮೊದಲು ಕೀಲು ನೋಡ್ತಾನೆ, ಅಚ್ಚಿಗೆ ಕೀಲೆಣ್ಣೆ ಹಚ್ತಾನೆ, ನೊಗ ಎತ್ತಿನ ಹೆಗಲಿಗೆ ಸರಿಯಾಗಿ ಕೂತಿದೆಯಾ ಅಂತ ಕೈಯಾಡಿಸಿ ನೋಡ್ತಾನೆ. ಕೋಡಣಸು, ಝೂಲಾ ಎಲ್ಲಾ ಆಮೇಲೆ. ಪಕ್ಕದ ಊರಿನವನ ನೊಗದ ಅಳತೆ ತಂದು ತನ್ನ ಎತ್ತಿಗೆ ಹೂಡೋದಿಲ್ಲ. ಅದೇ ರೈತನ ಮಗ ಈಗ ಲಕ್ಷಗಟ್ಟಲೆ ಬೆಲೆಯ ಕಾರಿಗೆ, ಕೀಲು ನೋಡೋ ಮೊದಲೇ ಕೋಡಣಸು ಹಾಕ್ತಿದ್ದಾನೆ.

ಒಪ್ಪದವರು ಖಂಡಿತ ಬರೀರಿ, ಜಗಳಕ್ಕೆ ತಯಾರಿದ್ದೀನಿ. "ಲುಕ್ ಬರ್ತದ್ರೀ ಅಣ್ಣಾ" ಅನ್ನೋದೊಂದನ್ನ ಬಿಟ್ಟು ಬೇರೆ ಕಾರಣ ಕೊಡಿ ಅಷ್ಟೇ.