ಕೊನೆಯ ಹೊಲಿಗೆ ಬಿದ್ದ ಮೇಲೆ

ಒಳ್ಳೆಯ ಡಾಕ್ಟರನ್ನು ಹೊಗಳಲು ನಮ್ಮಲ್ಲಿ ಒಂದು ಮಾತು ಸಾಕು: ಅವರ ಕೈಗುಣ ಚೆನ್ನಾಗಿದೆ. ಓದು, ಅನುಭವ, ಅರಿವಳಿಕೆ ಕೊಟ್ಟವರ ಎಚ್ಚರ, ರಾತ್ರಿಯಿಡೀ ನಿಗಾ ಇಟ್ಟ ನರ್ಸು, ಎಲ್ಲವೂ ಆ ಒಂದೇ ಪದದೊಳಗೆ ಕರಗಿಹೋಗುತ್ತವೆ. 2009ರಲ್ಲಿ ಅಮೆರಿಕದ ಟಿಎನ್‌ಟಿ ವಾಹಿನಿಯಲ್ಲಿ ಪ್ರಸಾರವಾದ ‘ಗಿಫ್ಟೆಡ್ ಹ್ಯಾಂಡ್ಸ್’ ಚಿತ್ರದ ಹೆಸರನ್ನು ಕನ್ನಡಕ್ಕೆ ತರಬೇಕಿದ್ದರೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು. ಡೆಟ್ರಾಯಿಟ್‌ನ ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿ, 33ನೇ ವಯಸ್ಸಿಗೇ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಬೆನ್ ಕಾರ್ಸನ್ ಅವರ ಕಥೆ ಅದು. ಥಾಮಸ್ ಕಾರ್ಟರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕ್ಯೂಬಾ ಗುಡಿಂಗ್ ಜೂನಿಯರ್ ಕಾರ್ಸನ್ ಆಗಿದ್ದಾರೆ. ನೋಡಿದವರು ಹೇಳುವುದು ಹೆಚ್ಚುಕಡಿಮೆ ಒಂದೇ: ಕಣ್ಣು ತುಂಬಿಬಂತು, ಮಕ್ಕಳಿಗೆ ತೋರಿಸಲೇಬೇಕು, ಮನಸ್ಸು ಮಾಡಿದರೆ ಯಾರು ಏನು ಬೇಕಾದರೂ ಆಗಬಹುದು. ಕಣ್ಣೀರಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಚಪ್ಪಾಳೆಯ ಬಗ್ಗೆ, ಅದು ಬಿದ್ದ ಹೊತ್ತಿನ ಬಗ್ಗೆ.

ಕಣ್ಣೀರು ನ್ಯಾಯವಾದದ್ದೇ, ಏಕೆಂದರೆ ಅದು ತಾಯಿಗೆ ಸಲ್ಲುತ್ತದೆ. ಕಿಂಬರ್ಲಿ ಎಲಿಸ್ ನಟಿಸಿರುವ ಸೋನ್ಯಾ ಕಾರ್ಸನ್ ಮೂರನೇ ತರಗತಿಯ ಆಚೆ ಓದಿದವಳಲ್ಲ. ಗಂಡ ಬಿಟ್ಟಮೇಲೆ ಮನೆಗೆಲಸ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ಕೆಲಸಕ್ಕೆ ಹೋದ ಪ್ರೊಫೆಸರರ ಮನೆಯಲ್ಲಿ ಗೋಡೆ ತುಂಬ ಪುಸ್ತಕ ಕಂಡು, ಇವನ್ನೆಲ್ಲ ಓದಿದ್ದೀರಾ ಎಂದು ಕೇಳುತ್ತಾಳೆ. ಮನೆಗೆ ಬಂದವಳೇ ಟಿವಿಗೆ ಕಡಿವಾಣ ಹಾಕುತ್ತಾಳೆ. ವಾರಕ್ಕೆ ಎರಡು ಪುಸ್ತಕ ಲೈಬ್ರರಿಯಿಂದ ತಂದು ಓದಬೇಕು, ಓದಿದ್ದನ್ನು ಬರೆದು ತೋರಿಸಬೇಕು. ಮಕ್ಕಳು ಬರೆದು ಕೊಟ್ಟದ್ದರ ಮೇಲೆ ಅವಳು ಗಂಭೀರವಾಗಿ ಗುರುತು ಹಾಕುತ್ತಾಳೆ. ಅವಳಿಗೆ ಅದನ್ನು ಓದಲು ಬರುವುದಿಲ್ಲ ಎಂಬುದು ಮಕ್ಕಳಿಗೆ ಗೊತ್ತಿಲ್ಲ. ಮನಸ್ಸು ತೀರಾ ಕುಸಿದಾಗ, ನೆಂಟರ ಮನೆಗೆ ಹೋಗಿಬರುತ್ತೇನೆ ಎಂದು ಸುಳ್ಳು ಹೇಳಿ ತಾನಾಗಿಯೇ ಮಾನಸಿಕ ಆಸ್ಪತ್ರೆಗೆ ಸೇರುತ್ತಾಳೆ. ಚಿತ್ರದ ಈ ಅರ್ಧ ಗಟ್ಟಿಯಾಗಿದೆ. ಇಲ್ಲಿ ಗೆಲುವು ಅಗ್ಗಕ್ಕೆ ಸಿಗುವುದಿಲ್ಲ, ಬೆಲೆ ಕೊಟ್ಟವಳು ಕಣ್ಣೆದುರೇ ಇದ್ದಾಳೆ. ಛಲವೊಂದೇ ಎಲ್ಲವನ್ನೂ ಮಾಡಿತು ಎಂದುಕೊಂಡು ಎದ್ದುಹೋಗುವವರು ಮಾತ್ರ ಒಂದು ಸಣ್ಣ ವಸ್ತುವನ್ನು ಮರೆಯುತ್ತಾರೆ. ಶಾಲೆಯ ಕಣ್ಣಿನ ತಪಾಸಣೆಯಲ್ಲಿ ದೃಷ್ಟಿದೋಷ ಪತ್ತೆಯಾಗಿ ಕನ್ನಡಕ ಬಂದಮೇಲೆಯೇ ಬೋರ್ಡಿನ ಮೇಲಿನ ಅಕ್ಷರ ತನಗೆ ಕಂಡಿತು ಎಂದು ಕಾರ್ಸನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಸಾರ್ವಜನಿಕ ಲೈಬ್ರರಿ, ಶಾಲೆಯ ತಪಾಸಣೆ. ತಾಯಿಯ ಹಠಕ್ಕೆ ನಿಲ್ಲಲು ಸಿಕ್ಕ ನೆಲ ಇವು.

ಚಿತ್ರದ ಇನ್ನೊಂದು ಅರ್ಧ ಆಪರೇಷನ್ ಥಿಯೇಟರಿನದು. 1987ರ ಸೆಪ್ಟೆಂಬರಿನಲ್ಲಿ, ಹಿಂದಲೆ ಅಂಟಿಕೊಂಡು ಹುಟ್ಟಿದ್ದ ಜರ್ಮನಿಯ ಏಳು ತಿಂಗಳ ಅವಳಿ ಗಂಡುಮಕ್ಕಳನ್ನು ಬಾಲ್ಟಿಮೋರ್‌ನಲ್ಲಿ ಬೇರ್ಪಡಿಸಲಾಯಿತು. ಎಪ್ಪತ್ತು ಮಂದಿಯ ತಂಡ, 22 ಗಂಟೆಗಳ ಕೆಲಸ. ನರಶಸ್ತ್ರಚಿಕಿತ್ಸಾ ವಿಭಾಗದ ಹಿರಿಯ ಡಾನ್ಲಿನ್ ಲಾಂಗ್, ಹೃದಯ ಶಸ್ತ್ರಚಿಕಿತ್ಸೆಯ ಬ್ರೂಸ್ ರೈಟ್ಸ್ ಅವರಂಥ ಘಟಾನುಘಟಿಗಳು ಅದರಲ್ಲಿದ್ದರು. ಇಬ್ಬರಿಗೂ ಸೇರಿದ್ದ ದೊಡ್ಡ ರಕ್ತನಾಳವನ್ನು ಕತ್ತರಿಸಿದರೆ ರಕ್ತಸ್ರಾವದಿಂದಲೇ ಮಕ್ಕಳು ಸಾಯುವ ಅಪಾಯ. ಅದಕ್ಕೆ ಮೈಯನ್ನು ತಣ್ಣಗಾಗಿಸಿ, ಎರಡೂ ಹೃದಯಗಳನ್ನು ಸುಮಾರು ಒಂದು ಗಂಟೆ ನಿಲ್ಲಿಸಿ, ಆ ಗಡುವಿನೊಳಗೆ ನಾಳಗಳನ್ನು ಹೊಸದಾಗಿ ಕಟ್ಟಿದರು. ಚಿತ್ರ ಈ ಗೆಲುವಿನ ಮೇಲೆ ಮುಗಿಯುತ್ತದೆ, ನಾವು ಕಣ್ಣೊರೆಸಿಕೊಂಡು ಏಳುತ್ತೇವೆ. ಆಮೇಲೆ? ಮಕ್ಕಳು ಬದುಕಿದರು, ಆದರೆ ಇಬ್ಬರ ಮೆದುಳಿಗೂ ತೀವ್ರ ಹಾನಿಯಾಗಿತ್ತು. ಇನ್ನೊಬ್ಬರ ಆಸರೆಯಿಲ್ಲದ ಬದುಕು ಇಬ್ಬರಿಗೂ ಸಿಗಲಿಲ್ಲ. ಇದನ್ನು ಹೊಟ್ಟೆಕಿಚ್ಚಿನವರು ಹುಟ್ಟಿಸಿದ ಸುದ್ದಿ ಎನ್ನುವಂತಿಲ್ಲ. ತಂತ್ರದ ದೃಷ್ಟಿಯಿಂದ ಅದ್ಭುತ ಯಶಸ್ಸು, ಸಹಜ ಮಕ್ಕಳು ಸಿಕ್ಕರೇ ಎಂದು ಕೇಳಿದರೆ ಅಷ್ಟೇನೂ ಅಲ್ಲ ಎಂಬ ಅರ್ಥದ ಮಾತನ್ನು 1980ರ ದಶಕ ಮುಗಿಯುವ ಮೊದಲೇ ಕಾರ್ಸನ್ ಅವರೇ ಆಡಿದ್ದರು. ಚಿತ್ರ ಬಂದದ್ದು ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ. ವೈದ್ಯರು ಒಪ್ಪಿಕೊಂಡಿದ್ದನ್ನು ಅವರ ಚಿತ್ರ ಒಪ್ಪಿಕೊಳ್ಳಲಿಲ್ಲ.

ಬೇರೆ ಸಾಧಕರ ಚಿತ್ರಕ್ಕೂ ಸರ್ಜನ್ನರ ಚಿತ್ರಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಧೋನಿಯ ಕುರಿತ ಸಿನಿಮಾ 2011ರ ವಿಶ್ವಕಪ್ಪಿನ ಮೇಲೆ ಮುಗಿದರೆ ಯಾರಿಗೂ ಮೋಸವಾಗುವುದಿಲ್ಲ. ಬೌಂಡರಿ ದಾಟಿದ ಚೆಂಡು ಮರುವರ್ಷ ಹಿಂದಕ್ಕೆ ಬರುವುದಿಲ್ಲ. ಸರ್ಜನ್ನರ ಸ್ಕೋರು ಇನ್ನೊಬ್ಬರ ಮೈಯಲ್ಲಿ ಬರೆದದ್ದು. ಕೊನೆಯ ಹೊಲಿಗೆ ಬಿದ್ದಾಗ ಅವರ ಕೆಲಸ ಮುಗಿಯಬಹುದು, ಫಲಿತಾಂಶ ಆಗಷ್ಟೇ ಶುರುವಾಗಿರುತ್ತದೆ. ಐಸಿಯುವಿನ ಹೊರಗಿನ ಕುರ್ಚಿಯಲ್ಲಿ ಕೂತು ಕಾದಿರುವ ಯಾರಿಗಾದರೂ ಇದು ಗೊತ್ತು. ಆಪರೇಷನ್ ಸಕ್ಸಸ್ ಎಂದು ಹೊರಬಂದು ಹೇಳಿದ ಡಾಕ್ಟರು, ಮುಂದಿನ 48 ಗಂಟೆ ನೋಡಬೇಕು ಎಂದೂ ಸೇರಿಸುತ್ತಾರೆ. ಸಿನಿಮಾ ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಕತ್ತರಿಸಿದೆ.

ಇದು ಕಾರ್ಸನ್ ಅವರ ಕಥೆ, ಅವಳಿಗಳದ್ದಲ್ಲ ಎಂದು ಹೇಳಬಹುದು. ಸರಿ, ಆದರೆ ಅವರ ಹಿರಿಮೆಗೆ ಸಾಕ್ಷಿಯಾಗಿ ಚಿತ್ರ ಕರೆತಂದದ್ದು ಆ ಮಕ್ಕಳನ್ನೇ. ಸಾಕ್ಷಿಯನ್ನು ಕರೆತಂದು ಅರ್ಧ ಹೇಳಿಕೆಗೆ ಬಾಯಿ ಮುಚ್ಚಿಸಿದ ಹಾಗಾಯಿತು. ಇನ್ನೂ ಗಂಭೀರವಾದ ಆಕ್ಷೇಪ ಬೇರೆಯದು: ಬೇರ್ಪಡಿಸದೆ ಬಿಟ್ಟಿದ್ದರೆ ಆ ಮಕ್ಕಳ ಗತಿ ಏನು? ಕೂರಲಾಗದೆ, ನಡೆಯಲಾಗದೆ ಮಲಗಿಯೇ ಬೆಳೆಯಬೇಕಿತ್ತು. ಆ ತೀರ್ಮಾನ ತಪ್ಪೆಂದು ನಾನು ಹೇಳುತ್ತಿಲ್ಲ. ಹೇಳುವ ಯೋಗ್ಯತೆಯೂ ನನಗಿಲ್ಲ. 2017ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಒಡಿಶಾದ ಅಂಥದೇ ಅವಳಿಗಳನ್ನು ಬೇರ್ಪಡಿಸಿದಾಗ ದೇಶವೇ ಸಂಭ್ರಮಿಸಿತು. 2020ರಲ್ಲಿ ಅವರಲ್ಲೊಬ್ಬ ತೀರಿಕೊಂಡ. ಹಾಗೆಂದು ಆ ವೈದ್ಯರು ಕೈ ಹಾಕಬಾರದಿತ್ತು ಎನ್ನಲಾದೀತೆ? ಎರಡು ನಷ್ಟಗಳ ನಡುವೆ ಒಂದನ್ನು ಆರಿಸುವುದು ಎಷ್ಟು ಕಷ್ಟ, ಆರಿಸಿದ ಮೇಲೂ ಬಾಳಿಡೀ ಅದನ್ನು ಹೊತ್ತು ತಿರುಗುವುದು ಎಂಥದ್ದು ಎಂದು ತೋರಿಸಿದ್ದರೆ ಕಾರ್ಸನ್ ಪಾತ್ರ ಇನ್ನೂ ಎತ್ತರವಾಗುತ್ತಿತ್ತು. ಮಕ್ಕಳಿಗೆ ತೋರಿಸುವ ಚಿತ್ರದಲ್ಲಿ ಇಷ್ಟೆಲ್ಲ ಯಾಕೆ, ಅವರಿಗೆ ಆಸೆ ಹುಟ್ಟಿಸಿದರೆ ಸಾಲದೇ ಎನ್ನುವವರಿಗೆ ಸೋನ್ಯಾಳನ್ನೇ ತೋರಿಸುತ್ತೇನೆ. ಅಮ್ಮ ಮಾನಸಿಕ ಆಸ್ಪತ್ರೆಗೆ ಸೇರಿದ್ದನ್ನು ತಡೆದುಕೊಂಡ ಮಕ್ಕಳು ಶಸ್ತ್ರಚಿಕಿತ್ಸೆಯ ಮಿತಿಯನ್ನು ತಡೆದುಕೊಳ್ಳಲಾರರೇ?

ಅದೇ ಹಾಪ್‌ಕಿನ್ಸ್ ಆಸ್ಪತ್ರೆಯ ಮೇಲೆ 2004ರಲ್ಲಿ ಎಚ್‌ಬಿಒ ಮಾಡಿದ ‘ಸಮ್‌ಥಿಂಗ್ ದ ಲಾರ್ಡ್ ಮೇಡ್’ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. 1944ರ ನವೆಂಬರ್ 29ರಂದು ಆಲ್ಫ್ರೆಡ್ ಬ್ಲಾಲಾಕ್ ಹೃದ್ರೋಗದಿಂದ ಮೈ ನೀಲಿಗಟ್ಟಿದ್ದ ಮಗುವಿಗೆ ಮೊದಲ ಸಲ ಆಪರೇಷನ್ ಮಾಡಿದಾಗ, ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು ದಾರಿ ಹೇಳುತ್ತಿದ್ದವರು ವಿವಿಯನ್ ಥಾಮಸ್. ಬಡಗಿ ಕೆಲಸ ಕಲಿತಿದ್ದ ಕಪ್ಪು ಯುವಕ, ವೈದ್ಯ ಪದವಿ ಇಲ್ಲ. ನಾಯಿಗಳ ಮೇಲೆ ನೂರಾರು ಸಲ ಮಾಡಿ ಆ ಹೊಲಿಗೆಯನ್ನು ರೂಢಿ ಮಾಡಿಕೊಂಡವರು ಅವರೇ. ಮಗುವಿನ ತುಟಿಗೆ ರಂಗೇರುವ ಗಳಿಗೆಯಲ್ಲಿ ಆ ಚಿತ್ರವೂ ಸಂಭ್ರಮಿಸುತ್ತದೆ, ಬಿಡಿ. ಆದರೆ ಕೈಗುಣ ಯಾರದು ಎಂಬ ಪ್ರಶ್ನೆಯನ್ನು ನೋಡುಗರ ತಲೆಯಲ್ಲಿ ಬಿಟ್ಟುಹೋಗುತ್ತದೆ. ಇತಿಹಾಸ ಇನ್ನೂ ಒಂದು ಹೆಜ್ಜೆ ಮುಂದಿದೆ: ಆ ಮೊದಲ ಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತು, ಆ ಶಸ್ತ್ರಚಿಕಿತ್ಸೆ ಮಾತ್ರ ಉಳಿದು ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿತು. ವೈದ್ಯಶಾಸ್ತ್ರದ ಗೆಲುವು, ರೋಗಿಯ ಗೆಲುವು ಎರಡೂ ಒಟ್ಟಿಗೇ ಬರಬೇಕೆಂದೇನೂ ಇಲ್ಲ.

ಈ ವ್ಯತ್ಯಾಸ ತಿಳಿಯದ ಸಮಾಜದಲ್ಲಿ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ‘ಗಿಫ್ಟೆಡ್ ಹ್ಯಾಂಡ್ಸ್’ ಬಂದ 2009ರಲ್ಲೇ ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ಮತ್ತು ಆಸ್ಪತ್ರೆಗಳ ಆಸ್ತಿ ಹಾನಿಯನ್ನು ತಡೆಯಲು ಒಂದು ಕಾಯ್ದೆಯೇ ಬಂತು. ಹಲ್ಲೆಗಳಿಗೆ ಬಿಲ್ಲಿನ ಹೊರೆ, ಮಾತಾಡಿಸುವವರಿಲ್ಲದ ವಾರ್ಡು, ನಿಜವಾದ ನಿರ್ಲಕ್ಷ್ಯ ಹೀಗೆ ಕಾರಣಗಳು ಹಲವು. ಅದನ್ನು ಸಿನಿಮಾದ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಉಳಿಸಿದ್ದು ಒಬ್ಬನ ಕೈ ಎಂದು ನಂಬಿದವರಿಗೆ, ಉಳಿಯದಿದ್ದಾಗ ಕೊಂದದ್ದೂ ಆ ಕೈಯೇ ಎನಿಸುವುದು ಸಹಜ. ಕಾರ್ಸನ್ ವಿಷಯದಲ್ಲಿ ಆದದ್ದೂ ಇಂಥದೇ ಪಲ್ಟಿ. ಅವರು ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟು, ಆಮೇಲೆ ಟ್ರಂಪ್ ಸಂಪುಟ ಸೇರಿದಾಗ ಅದೇ ಚಿತ್ರವನ್ನು ನೋಡುವ ಕಣ್ಣು ಬದಲಾಯಿತು. ಕೆಲವರಿಗೆ ಆದರ್ಶ ಮುರಿದುಬಿತ್ತು, ಕೆಲವರಿಗೆ ಇನ್ನಷ್ಟು ಹೊಳೆಯಿತು. ಎರಡೂ ಗುಂಪು ಕಾರ್ಸನ್ ಅವರನ್ನೇ ನೋಡುತ್ತ ನಿಂತಿತ್ತು. ಅವಳಿಗಳ ಬಗ್ಗೆ ಅಮೆರಿಕದ ಪತ್ರಿಕೆಗಳು ಮತ್ತೆ ಬರೆದದ್ದು ಕೂಡ ಕಾರ್ಸನ್ ಚುನಾವಣೆಗೆ ನಿಂತರು ಎಂಬ ಕಾರಣಕ್ಕೇ.

ಜರ್ಮನಿಯ ಆ ಕುಟುಂಬದ ಹೆಸರು ಬಿಂಡರ್. ಚಿತ್ರದಲ್ಲಿ ಅವರನ್ನು ರೌಶ್ ದಂಪತಿ ಮಾಡಲಾಗಿದೆ. ಬೇರೆಯವರ ಖಾಸಗಿ ಬದುಕನ್ನು ಗೌರವಿಸಲು ಹಾಗೆ ಮಾಡಿರಬಹುದು, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಆದರೆ ಸಿನಿಮಾ ಮುಗಿದ ಮೇಲೆ ಯಾವುದೋ ಶಾಲೆಯ ಹುಡುಗಿಗೆ, ಆ ಪಾಪುಗಳು ಈಗ ಎಷ್ಟು ದೊಡ್ಡವರಾಗಿರಬಹುದು ಎಂದು ಕುತೂಹಲ ಹುಟ್ಟಿ, ಚಿತ್ರದಲ್ಲಿ ಕೇಳಿದ ಆ ಹೆಸರನ್ನು ಹಿಡಿದು ಹುಡುಕಹೊರಟರೆ, ಅವಳಿಗೆ ಸಿಗುವುದು ಮತ್ತೆ ಅದೇ ಸಿನಿಮಾ.