ಗಾಳಿ ಬೀಸಿದಾಗ ಮರೆಯಾಗುವ ಚಿತ್ರ



ಆಷಾಢ ಮಾಸ ಬಂತೆಂದರೆ ನಮ್ಮ ಬಯಲುಸೀಮೆಯಲ್ಲಿ ಗಾಳಿಯದೇ ಆಡಳಿತ. ಗದಗಿನ ಕಪ್ಪತಗುಡ್ಡದ ಸಾಲಿನಲ್ಲಿಯೂ ಚಿತ್ರದುರ್ಗದ ಗುಡ್ಡಗಳ ಮೇಲೆಯೂ ನಿಂತಿರುವ ವಿದ್ಯುತ್ ಗಾಳಿಯಂತ್ರಗಳಿಗೆ ಇದು ಸುಗ್ಗಿಯ ಕಾಲವಾದರೆ, ಮಾಳಿಗೆಯ ಮೇಲೆ ಡಿಶ್ ಕೂರಿಸಿಕೊಂಡ ಗೃಹಸ್ಥರಿಗೆ ಪರದಾಟದ ಕಾಲ. ಸಂಜೆಯ ವಾರ್ತೆಗೆಂದು ಮನೆಮಂದಿಯೆಲ್ಲ ಕುಳಿತಿರುವಾಗ ಚಿತ್ರವು ಚೌಕಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಕಡೆಗೆ ‘ಸಿಗ್ನಲ್ ಇಲ್ಲ’ ಎಂಬ ಬರಹವೊಂದೇ ಉಳಿಯುತ್ತದೆ. ಈ ತಿಂಗಳ ಅಂಕಣವನ್ನು ಇದೇ ವಿಷಯಕ್ಕೆ ಮೀಸಲಿಡಲು ನಮಗೊಂದು ಕಾರಣವುಂಟು.

2019ರ ಆಷಾಢದಲ್ಲಿ ನಾವು ಗದಗ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನಮ್ಮ ಸೋದರತ್ತೆಯವರ ಮನೆಗೆ ಹೋಗಿದ್ದೆವು. ಎಂಬತ್ತರ ಸಮೀಪದ ಅವರು ಒಬ್ಬರೇ ಇರುವವರು. ಮೊಣಕಾಲು ನೋವಿನಿಂದ ಹೊಸ್ತಿಲು ದಾಟುವುದೂ ಅಪರೂಪ. ಸಂಜೆಯ ಹೊತ್ತು ಟಿ.ವಿ.ಯೇ ಅವರಿಗೆ ಜೊತೆ. ನಾವು ಅಂಗಳ ಮುಟ್ಟುವ ಹೊತ್ತಿಗೆ ನೆರೆಮನೆಯ ಹದಿನಾಲ್ಕು ವರ್ಷದ ಹುಡುಗನೊಬ್ಬನು ಮಳೆಯಲ್ಲಿ ನೆನೆದ ಮಣ್ಣಿನ ಮಾಳಿಗೆಯ ಅಂಚಿನಲ್ಲಿ ನಿಂತು, ಬೀಸುಗಾಳಿಯಲ್ಲಿ ಡಿಶ್ಶನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸುತ್ತ, “ಬಂತೇನಬೇ ಆಯಿ?” ಎಂದು ಕೂಗುತ್ತಿದ್ದನು. ನಾವು ನೋಡುತ್ತಿದ್ದಂತೆಯೇ ಅವನ ಕಾಲು ಜಾರಿತು. ಕುಂಬಿಯ ಕಲ್ಲು ಕೈಗೆ ಸಿಕ್ಕಿದ್ದರಿಂದ ಉಳಿದುಕೊಂಡನು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. ಅತ್ತೆಯವರು ಗಾಯವನ್ನು ತೊಳೆದು ಅರಿಸಿನ ಹಚ್ಚುತ್ತ, “ಇನ್ನ ಮ್ಯಾಲ ಹತ್ತಬ್ಯಾಡೋ ಯಪ್ಪಾ, ಟಿ.ವಿ. ಇಲ್ಲಂದ್ರ ನನ್ನ ಜೀವಾ ಏನ್ ಹೋಗೂದಿಲ್ಲ” ಎಂದರು. ಅವರ ಕೈ ನಡುಗುತ್ತಿತ್ತು.

ಅದಕ್ಕೂ ಹದಿನೈದು ದಿನ ಮೊದಲು ದುರಸ್ತಿಗಾರರೊಬ್ಬರು ಬಂದು, ಡಿಶ್ಶಿನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಗ್ರಾಹಕವನ್ನು ಬದಲಿಸಿ, ಹಣ ಪಡೆದು ಹೋಗಿದ್ದರಂತೆ. ಮರುದಿನ ಗಾಳಿ ಬೀಸಿದೊಡನೆ ಚಿತ್ರವು ಮತ್ತೆ ಹೋಗಿತ್ತು. ಹಣವೂ ಹೋಯಿತು, ದೋಷವೂ ಉಳಿಯಿತು, ಹುಡುಗನೊಬ್ಬನ ಪ್ರಾಣಕ್ಕೂ ಸಂಚಕಾರ ಬರುತ್ತಿತ್ತು. ಆದ್ದರಿಂದ ಈ ತೊಂದರೆಯ ಮೂಲವನ್ನು ಪ್ರತಿಯೊಂದು ಮನೆಯವರೂ ಕೊಂಚ ಅರಿತಿರುವುದು ಒಳಿತು.

ಮೊದಲನೆಯದಾಗಿ, ಗಾಳಿಯು ಸಿಗ್ನಲನ್ನು ಹಾರಿಸಿಕೊಂಡು ಹೋಗುತ್ತದೆ ಎಂಬ ಭಾವನೆ ತಪ್ಪು. ಉಪಗ್ರಹದಿಂದ ಬರುವ ತರಂಗಗಳನ್ನು ಗಾಳಿಯು ಅಲುಗಿಸಲಾರದು. ಅದು ಅಲುಗಿಸುವುದು ನಮ್ಮ ಡಿಶ್ಶನ್ನು. ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. 60 ಸೆಂಟಿಮೀಟರ್ ಅಗಲದ ಸಾಮಾನ್ಯ ಡಿಶ್ಶಿನ ನೋಟದ ಹರವು ಸುಮಾರು 3 ಡಿಗ್ರಿ ಮಾತ್ರ. ನೆಟ್ಟ ನೋಟದಿಂದ ಒಂದೂವರೆ ಡಿಗ್ರಿ ಆಚೀಚೆಯಾದರೆ ದೊರೆಯುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದು ಡಿಗ್ರಿ ಎಂದರೆ ಡಿಶ್ಶಿನ ಅಂಚು ಅರ್ಧ ಸೆಂಟಿಮೀಟರಿನಷ್ಟು ಸರಿಯುವುದು ಎಂದರ್ಥ. ಕಣ್ಣಿಗೆ ಕಾಣದ ಈ ಚಲನೆಯೇ ಚಿತ್ರವನ್ನು ಕೆಡಿಸಬಲ್ಲದು.

ಗಾಳಿಯ ವೇಗವು ಇಮ್ಮಡಿಯಾದರೆ ಒತ್ತಡವು ನಾಲ್ಮಡಿಯಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಯು ಎದುರಾಗಿ ಬೀಸಿದರೆ ಇಂಥ ಡಿಶ್ಶನ್ನು ಒಂದೂವರೆ ಕಿಲೋ ತೂಕದಷ್ಟು ತಳ್ಳುತ್ತದೆ. 60 ಕಿಲೋಮೀಟರ್ ವೇಗವಾದರೆ ಆರು ಕಿಲೋದಷ್ಟು. ಉದಾಹರಣೆಗೆ, ಡಿಡಿ ಫ್ರೀ ಡಿಶ್ ಪ್ರಸಾರವು 2015ರ ನವೆಂಬರಿನಲ್ಲಿ ಹಾರಿಸಲಾದ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವುದರಿಂದ ಗದಗಿನ ಡಿಶ್ಶು ಹೆಚ್ಚುಕಡಿಮೆ ಆಗ್ನೇಯಕ್ಕೆ ಮುಖ ಮಾಡಬೇಕು. ನಮ್ಮ ಮುಂಗಾರಿನ ಗಾಳಿಯೋ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವಂಥದು. ಹೀಗಾಗಿ ಅದು ಡಿಶ್ಶಿನ ಬೆನ್ನಿಗೂ ಪಕ್ಕೆಗೂ ಬಡಿದು, ಅದನ್ನು ಕಂಬದ ಸುತ್ತ ತಿರುಗಿಸಲು ಹವಣಿಸುತ್ತದೆ.

ಹಾಗಾದರೆ ಗಾಳಿ ಇಲ್ಲದಾಗ ಚಿತ್ರವು ನಿಚ್ಚಳವಾಗಿ ಬರುತ್ತಿತ್ತಲ್ಲ ಎಂದು ಕೇಳಬಹುದು. ಹಿಂದಿನ ಆಂಟೆನಾ ಕಾಲದಲ್ಲಿ ಸಿಗ್ನಲ್ ಕುಗ್ಗಿದಂತೆಲ್ಲ ಚಿತ್ರದ ಮೇಲೆ ಅಕ್ಕಿ ಚೆಲ್ಲಿದಂತೆ ಚುಕ್ಕೆಗಳು ಮೂಡಿ ಮುನ್ಸೂಚನೆ ಕೊಡುತ್ತಿದ್ದವು. ಈಗಿನ ಡಿಜಿಟಲ್ ಪ್ರಸಾರದಲ್ಲಿ ಹಾಗಿಲ್ಲ. ಸಿಗ್ನಲ್ ಸಾಕಷ್ಟಿರುವ ತನಕ ಚಿತ್ರವು ಪೂರ್ಣವಾಗಿರುತ್ತದೆ. ಎಲ್ಲೆ ದಾಟಿತೋ, ಇಲ್ಲವೇ ಇಲ್ಲ. ಆದ್ದರಿಂದ ಅರೆಬರೆಯಾಗಿ ಕೂರಿಸಿದ ಡಿಶ್ಶು ಕೂಡ ಶಾಂತ ದಿನಗಳಲ್ಲಿ ಒಳ್ಳೆಯ ಚಿತ್ರವನ್ನೇ ಕೊಟ್ಟು ನಮ್ಮನ್ನು ನಂಬಿಸುತ್ತದೆ. ದೋಷವು ಮೊದಲೇ ಇರುತ್ತದೆ. ಗಾಳಿ ಅದನ್ನು ಬಯಲಿಗೆಳೆಯುತ್ತದೆ ಅಷ್ಟೆ.

ದೋಷವನ್ನು ಪತ್ತೆ ಹಚ್ಚಲು ಮಾಳಿಗೆ ಹತ್ತಬೇಕಾಗಿಲ್ಲ. ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ ‘ಸಿಗ್ನಲ್ ಸ್ಟ್ರೆಂತ್’, ‘ಸಿಗ್ನಲ್ ಕ್ವಾಲಿಟಿ’ ಎಂಬ ಎರಡು ಪಟ್ಟಿಗಳಿರುತ್ತವೆ. ಕುಳಿತಲ್ಲಿಂದಲೇ ಅವನ್ನು ಗಮನಿಸಬೇಕು. ಬಿರುಸು ಬೀಸಿದಾಗ ಕ್ವಾಲಿಟಿ ಕುಸಿದು, ತಗ್ಗಿದೊಡನೆ ತಾನೇ ಏರಿದರೆ ಕಂಬವೋ ಗೋಡೆಯ ಹಿಡಿತವೋ ಅಲುಗುತ್ತಿದೆ, ಇಲ್ಲವೇ ಮರದ ಕೊಂಬೆ ಅಡ್ಡ ಬಂದು ಹೋಗುತ್ತಿದೆ ಎಂದು ತಿಳಿಯತಕ್ಕದ್ದು. ಗಾಳಿ ನಿಂತ ಮೇಲೂ ಕ್ವಾಲಿಟಿ ಮೇಲೇರದೆ ಸ್ಟ್ರೆಂತ್ ಮಾತ್ರ ಉಳಿದಿದ್ದರೆ ಡಿಶ್ಶು ದಿಕ್ಕು ತಪ್ಪಿರುವ ಸಂಭವ ಹೆಚ್ಚು. ಎರಡೂ ಸೊನ್ನೆಯಾದರೆ ಕೇಬಲ್ಲು, ಅದರ ತುದಿಯ ಕನೆಕ್ಟರು ಅಥವಾ ಎಲ್‌ಎನ್‌ಬಿಯನ್ನು ಸಂದೇಹಿಸಬೇಕು. ಗಾಳಿಗೆ ತೂಗಾಡುವ ಕೇಬಲ್ಲಿನ ಒಳಗಿನ ತಂತಿ ಕನೆಕ್ಟರಿನ ಬಳಿಯೇ ಮುರಿಯುವುದುಂಟು. ಅಲ್ಲಿ ನೀರು ಇಳಿದು ಕಿಲುಬು ಹಿಡಿಯುವುದೂ ಉಂಟು. ಇನ್ನು ಜೋರು ಮಳೆ ಸುರಿಯುವಾಗ ಹೋಗಿ, ಮಳೆ ತಗ್ಗಿದೊಡನೆ ಮರಳುವ ಚಿತ್ರಕ್ಕೆ ಡಿಶ್ಶು ಕಾರಣವಲ್ಲದಿರಬಹುದು. ಮಳೆಹನಿಗಳೇ ತರಂಗವನ್ನು ಹೀರಿ ಚದುರಿಸುತ್ತವೆ. ಅದಕ್ಕೆ ತಾಳ್ಮೆಯೇ ಮದ್ದು.

ದುರಸ್ತಿಯನ್ನು ಗಾಳಿ ಇಳಿದು, ಮಾಳಿಗೆ ಒಣಗಿದ ಮೇಲೆಯೇ ಕೈಗೊಳ್ಳಬೇಕು. ಅಂದು ನಾವು ಮಾಡಿದ್ದೂ ಅಷ್ಟೇ. ಎರಡು ದಿನ ಟಿ.ವಿ. ಇಲ್ಲದೆಯೇ ಕಳೆದು, ಮೂರನೆಯ ದಿನ ಬೆಳಿಗ್ಗೆ ಪಾನಾ ಹಿಡಿದು ಏಣಿ ಹತ್ತಿದೆವು. ಡಿಶ್ಶಿನ ಅಂಚನ್ನು ಒಂದೇ ಬೆರಳಿನಿಂದ ಮೆಲ್ಲಗೆ ಒತ್ತಿದೆವು. ಕೆಳಗೆ ಆ ಹುಡುಗನು ಕ್ವಾಲಿಟಿಯ ಅಂಕಿಯನ್ನು ಓದಿ ಹೇಳುತ್ತಿದ್ದನು. ಒಂದು ಕಡೆಗೆ ಒತ್ತಿದಾಗ ಅಂಕಿ ಏರಿದರೆ ಡಿಶ್ಶು ಆ ಕಡೆಗೇ ಕೊಂಚ ತಿರುಗಬೇಕೆಂದು ಅರ್ಥ. ಕಂಬಕ್ಕೆ ಡಿಶ್ಶನ್ನು ಬಿಗಿಯುವ ಕ್ಲಾಂಪಿನ ಒಂದು ನಟ್ಟು ಸಡಿಲವಾಗಿತ್ತು. ದಿಕ್ಕನ್ನು ಸರಿಪಡಿಸಿ, ನಟ್ಟುಗಳನ್ನೆಲ್ಲ ಒಂದಾದ ಮೇಲೊಂದರಂತೆ ಸಮವಾಗಿ ಬಿಗಿದು, ಕಂಬಕ್ಕೂ ಕ್ಲಾಂಪಿಗೂ ಕೂಡುವಂತೆ ಬಣ್ಣದ ಗೆರೆಯೊಂದನ್ನು ಎಳೆದು ಇಳಿದೆವು. ಮುಂದೆ ಡಿಶ್ಶು ತಿರುಗಿದರೆ ಆ ಗೆರೆ ಮುರಿದು ತೋರಿಸುತ್ತದೆ. ಒಂದು ಪೈಸೆಯೂ ಖರ್ಚಾಗಲಿಲ್ಲ.

ಇನ್ನೂ ಕೆಲವು ಮಾತುಗಳು. ಕಂಬವು ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಲಿ. ತಗಡಿನ ಛಾವಣಿಗೂ ಸಡಿಲವಾದ ಮಣ್ಣಿನ ಕುಂಬಿಗೂ ಡಿಶ್ಶನ್ನು ಬಿಗಿಯಬಾರದು. ಗಟ್ಟಿ ಗೋಡೆ ಇಲ್ಲವಾದರೆ ಕಂಬಕ್ಕೆ ಮೂರು ದಿಕ್ಕಿನಿಂದ ತಂತಿಯ ಬಿಗಿತ ಕೊಡಬೇಕು. ಕೇಬಲ್ಲನ್ನು ಕಂಬಕ್ಕೆ ಅಲ್ಲಲ್ಲಿ ಕಟ್ಟಿ, ಕನೆಕ್ಟರಿನ ಕೆಳಗೆ ಬಳುಕು ಬಿಟ್ಟರೆ ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ಅದನ್ನು ಬಿಚ್ಚುವ ಮೊದಲು ಬಾಕ್ಸಿನ ಪ್ಲಗ್ಗನ್ನು ಕಿತ್ತಿರಬೇಕು. ಡಿಶ್ಶು ತನ್ನ ಮುಖ ತೋರುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ನೋಡುತ್ತಿರುತ್ತದೆ; ಮರ ಅಡ್ಡವಾಗಿದೆಯೇ ಎಂದು ಪರೀಕ್ಷಿಸುವಾಗ ಇದನ್ನು ಮರೆಯಬಾರದು. ದೊಡ್ಡ ಡಿಶ್ಶು ಮಳೆಯಲ್ಲಿ ನೆರವಾಗುವುದು ನಿಜ. ಆದರೆ 90 ಸೆಂಟಿಮೀಟರಿನ ಡಿಶ್ಶು 60ರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಳಿಯನ್ನು ಹಿಡಿಯುತ್ತದೆ. ಅದಕ್ಕೆ ತಕ್ಕ ಕಂಬವೂ ಬೇಕು.

ಮಳೆ, ಗುಡುಗು, ಬಿರುಗಾಳಿಯ ಹೊತ್ತಿನಲ್ಲಿ ಯಾರೂ ಮಾಳಿಗೆ ಹತ್ತಕೂಡದು, ಮಕ್ಕಳನ್ನಂತೂ ಹತ್ತಿಸಲೇಕೂಡದು. ವಿದ್ಯುತ್ ತಂತಿ ಸಮೀಪದಲ್ಲಿದ್ದರೆ ಆ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ನಿಮ್ಮ ಊರಿನಲ್ಲಿಯೂ ಒಂಟಿಯಾಗಿರುವ ಹಿರಿಯರಿದ್ದಾರು. ಆಷಾಢಕ್ಕೆ ಮುನ್ನವೇ, ವೈಶಾಖದ ಒಣ ಬೆಳಗಿನಲ್ಲಿ ಅವರ ಮನೆಯ ಡಿಶ್ಶಿನ ನಟ್ಟುಗಳನ್ನೊಮ್ಮೆ ಬಿಗಿದು ಬಂದರೆ ಅದು ಸಣ್ಣ ಉಪಕಾರವಲ್ಲ. ನಮ್ಮ ಅತ್ತೆಯವರ ಮನೆಯಲ್ಲಿ ಆ ಹುಡುಗನೇ ಈಗ ಪ್ರತಿ ವರ್ಷ ಆ ಕೆಲಸ ಮಾಡುತ್ತಿದ್ದಾನೆ. ಬಣ್ಣದ ಗೆರೆ ಇಂದಿಗೂ ಕೂಡಿಯೇ ಇದೆ.