ದೋಟಿಯ ಹೊಳಪು, ದೋಟಿಯ ಹೊಣೆ

ಕೊನೆಗೊಯ್ಲಿನ ಕಾಲ ಸಮೀಪಿಸಿದೊಡನೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೇಳಿಬರುವ ಪ್ರಶ್ನೆ, ‘ಯಾವ ದೋಟಿ ಒಳ್ಳೆಯದು?’ ಮರವೇರುವ ನುರಿತ ಕೊನೆಗಾರರು ವಿರಳರಾದುದರಿಂದ, ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಬೋರ್ಡೋ ದ್ರಾವಣ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿಗಳು ಬಹಳ ಮನೆಗಳನ್ನು ಸೇರಿವೆ. ಮರದಿಂದ ಬಿದ್ದು ಸಾಯುವ, ಸೊಂಟ ಮುರಿದುಕೊಳ್ಳುವ ಅಪಾಯ ಇದರಿಂದ ತಗ್ಗುವುದು ಸ್ವಾಗತಾರ್ಹ. ಆದರೆ ಬಿದಿರಿನ ಗಳವನ್ನು ಗಂಟು ನೋಡಿ, ಬಲಿತುದನ್ನೇ ಆರಿಸಿ ಕಡಿಯುತ್ತಿದ್ದ ನಾವು, ಈ ಹೊಸ ಗಳವನ್ನು ಹೊಳಪು ನೋಡಿ ಕೊಳ್ಳುತ್ತಿದ್ದೇವೆ.

ಒಂದು ಘನ ಸೆಂಟಿಮೀಟರ್ ಗಾಜಿನ ನಾರು ಸುಮಾರು 2.5 ಗ್ರಾಂ ತೂಗಿದರೆ, ಕಾರ್ಬನ್ ನಾರು ಸುಮಾರು 1.8 ಗ್ರಾಂ ತೂಗುತ್ತದೆ. ಬಾಗದೆ ನಿಲ್ಲುವ ಗುಣದಲ್ಲಿ ಅದು ಗಾಜಿನ ನಾರಿನ ಮೂರು ಪಟ್ಟು. ಆದರೆ ಈ ಗುಣ ನಾರಿನದು, ಕಪ್ಪು ಬಣ್ಣದ್ದಲ್ಲ. ಗಾಜಿನ ನಾರಿನ ಕೊಳವೆಗೆ ಹೊರಗೊಂದು ಪದರ ಕಾರ್ಬನ್ ಬಟ್ಟೆ ಸುತ್ತಿದರೆ ಚೌಕುಳಿ ಹೆಣಿಗೆಯ ಅಂದ ಬರುತ್ತದೆಯೇ ಹೊರತು, ಅದಕ್ಕೆ ತಕ್ಕ ಬಲ ಬರುವುದಿಲ್ಲ. ಬೈಕಿನ ಅಲಂಕಾರಕ್ಕೆ ಅಷ್ಟು ಸಾಕು; ದೋಟಿಗೆ ಸಾಲದು. ದೋಟಿ ಬಾಗದಿರಬೇಕಾದರೆ ಹೆಚ್ಚಿನ ನಾರುಗಳು ಉದ್ದಕ್ಕೆ ಸಾಗಿರಬೇಕು; ಸೀಳದಿರಬೇಕಾದರೆ ಕೆಲವು ಅಡ್ಡ ಸುತ್ತಿರಬೇಕು. ಆದುದರಿಂದ ಕೊಳ್ಳುವಾಗ ತೂಗಿ ನೋಡಿರಿ. ಪೂರ್ತಿ ಉದ್ದಕ್ಕೆ ಎಳೆದು ಅಡ್ಡ ಹಿಡಿದು, ಎಷ್ಟು ಜೋಲುತ್ತದೆಂದು ಎರಡು ದೋಟಿಗಳನ್ನು ಹೋಲಿಸಿರಿ.

ಮುಖ್ಯವಾದ ಮಾತು ಇನ್ನೊಂದಿದೆ. ಕಾರ್ಬನ್ ನಾರು ವಿದ್ಯುತ್ ವಾಹಕ. ನಮ್ಮ ತೋಟಗಳ ನೆತ್ತಿಯ ಮೇಲೆ 11,000 ವೋಲ್ಟ್ ತಂತಿಗಳು ಹಾದುಹೋಗುತ್ತವೆ. ದೋಟಿಯ ಮೇಲಿನ ರಾಳದ ತೆಳು ಹೊಳಪು ಅಂತಹ ತಂತಿಯಿಂದ ಯಾರನ್ನೂ ಕಾಯದು. ಗಾಜಿನ ನಾರು ವಾಹಕವಲ್ಲ ನಿಜ. ಆದರೆ ಮಳೆನೀರು, ಮೈಲುತುತ್ತದ ದ್ರಾವಣ ಮೆತ್ತಿದ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ತಂತಿಯ ಬಳಿ ಯಾವ ದೋಟಿಯೂ ಸುರಕ್ಷಿತವಲ್ಲ. ಆ ಸಾಲಿನ ಮರಗಳನ್ನು, ವಿದ್ಯುತ್ ಕಡಿತವನ್ನು ಖಚಿತಪಡಿಸಿಕೊಳ್ಳದೆ ಮುಟ್ಟಲೇಬಾರದು. ಕೂಲಿಗೆ ಬಂದವರ ಕೈಗೆ ದೋಟಿ ಕೊಡುವ ತೋಟದೊಡೆಯರ ಹೊಣೆ ಇದು.

ಮುರಿದುದನ್ನು ಮನೆಯಲ್ಲೇ ಬೆಸೆಯುವ ಯುವಕರಿಗೂ ಎರಡು ಮಾತು. ಎಪಾಕ್ಸಿಯ ಮೇಲೆ ಅಗ್ಗದ ಪಾಲಿಯೆಸ್ಟರ್ ರಾಳ ಸರಿಯಾಗಿ ಹಿಡಿಯದು, ಎಪಾಕ್ಸಿಯನ್ನೇ ಬಳಸಿರಿ. ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರವಾಗಿ ತಾಗಿದರೆ ತೇವದಲ್ಲಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ಗಾಜಿನ ನಾರಿನ ಪದರವಿರಲಿ. ಉಜ್ಜುವಾಗ ನೀರು ಹಾಕಿರಿ. ಮುಖಗವಸು, ಕೈಗವಸು, ಕನ್ನಡಕ ಧರಿಸಿರಿ.

ಕೊನೆಗೆ, ಮುರಿದ ದೋಟಿ ಎಲ್ಲಿಗೆ ಹೋಗುತ್ತದೆ? ಬಿದಿರು ಒಲೆಗೋ ಗೊಬ್ಬರಗುಂಡಿಗೋ ಹೋಗುತ್ತಿತ್ತು. ಗಟ್ಟಿಯಾದ ಈ ರಾಳವನ್ನು ಕರಗಿಸಿ ಮರಳಿ ಎರಕ ಹೊಯ್ಯಲಾಗದು. ಸುಟ್ಟರೆ ವಿಷದ ಹೊಗೆಯ ಜೊತೆ ಸೂಕ್ಷ್ಮ ನಾರೂ ಗಾಳಿ ಸೇರುತ್ತದೆ. ತುಂಡುಗಳನ್ನು ಹಳ್ಳಕ್ಕೆಸೆಯದೆ ಸಹಕಾರಿ ಸಂಘದಲ್ಲಿ ಒಟ್ಟುಗೂಡಿಸೋಣ; ಮಾರಿದವರೇ ಮರಳಿ ಪಡೆಯಲೆಂದು ಕೊಳ್ಳುವ ಮುನ್ನವೇ ಕೇಳೋಣ. ಕೈಗೆಟುಕುವ ಗಿಡ್ಡ ಮರಗಳಿಗೆ ಬೇಲಿಯಂಚಿನ ಬಿದಿರೇ ಸಾಕು. ದೋಟಿ ಹಗುರವಾಗಲಿ, ನಮ್ಮ ಹೊಣೆ ಹಗುರವಾಗದಿರಲಿ.